ಪಹಣಿ ನೋಡಿ ಸಾಲ, ನೀರು ನೋಡೋರು ಯಾರು?

ಬ್ಯಾಂಕಿನ ರಿಸ್ಕ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಶೇರು ಮಾರ್ಕೆಟ್ಟು, ಸಾಲ ಮುಳುಗಿಸಿದ ದೊಡ್ಡ ಕುಳಗಳು. ನನಗೆ ಮಾತ್ರ ಶಿವನಿ ಕಡೆಯ ಬೋರ್‌ವೆಲ್‌ಗಳು ನೆನಪಾಗುತ್ತವೆ. ಬೀರೂರು-ಚಿಕ್ಕಜಾಜೂರು ರೈಲು ಹಾದಿಯ ಊರು. ಮೊದಲು ತರೀಕೆರೆ ತಾಲೂಕು, ಈಗ ಅಜ್ಜಂಪುರ. ಮಲೆನಾಡಿನ ಜಿಲ್ಲೆ ಅಂತ ಹೆಸರು, ಮಳೆ ಮಾತ್ರ ಬಯಲುಸೀಮೆಯದು.

ಬೆಳೆಸಾಲ ಕೇಳೋಕೆ ಹೋದರೆ ಮೊದಲು ನೋಡೋದು ಪಹಣಿ. ಎಕರೆಗೆ ಇಷ್ಟು ಅಂತ ಸಾಲ ನಿಗದಿಯಾಗೋದು ಬೆಳೆ ಮೇಲೆ, ಹಾಗಾಗಿ ಅಡಿಕೆ ತೋಟಕ್ಕೆ ಖುಷ್ಕಿ ಜಮೀನಿಗಿಂತ ಹೆಚ್ಚು. ಸರಿ, ಆದರೆ ಆ ತೋಟದ ಬೋರಿನಲ್ಲಿ ಈಗ ನೀರು ಎಷ್ಟು ಅಡಿಗೆ ಇಳಿದಿದೆ? ಅದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಮುಖ್ಯವಾದ ಇನ್‌ಪುಟ್ಟೇ ಇಲ್ಲದೆ ಪ್ರೋಗ್ರಾಮ್ ಓಡ್ತಿದೆ!

ಬರ ಬಂದಾಗ? 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಂತೆ, ಬೆಳೆನಷ್ಟ ಶೇ. 33 ಮುಟ್ಟಿದರೆ ಸಾಲದ ಅವಧಿ ಮುಂದೂಡಿ, ಅದನ್ನು ಒಳ್ಳೆಯ ಸಾಲ ಅಂತಲೇ ಲೆಕ್ಕಕ್ಕೆ ಹಿಡಿಯಬಹುದಿತ್ತು. ರೈತನಿಗೆ ಅದು ಬೇಕು, ತಕರಾರಿಲ್ಲ. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಬರವೇ ಕಾಣಿಸಲ್ಲ. ಈರುಳ್ಳಿ ಹೋದರೆ ಮುಂದಿನ ವರ್ಷ ಬಂದೀತು. ಒಣಗಿದ ಅಡಿಕೆ, ತೆಂಗು ಮತ್ತೆ ನೆಟ್ಟು ಫಸಲು ನೋಡೋಕೆ ಐದಾರು ವರ್ಷ ಬೇಕು.

ಹೊಸ ಬೋರಿನ ಸಾಲದ ವಿಷಯದಲ್ಲಿ ಮಾತ್ರ ಎಲ್ಲಿಲ್ಲದ ಎಚ್ಚರ. ಅಂತರ್ಜಲ ಮಿತಿಮೀರಿ ಬಳಕೆಯಾದ ಕಡೆ ಸಾಲ ಸಿಗೋದು ಕಷ್ಟ. ಪರಿಸರಕ್ಕೆ ಒಳ್ಳೇದೇ. ಆದರೆ ಕೊರೆಸೋದು ನಿಲ್ಲುತ್ತಾ ಸ್ವಾಮಿ? ಕೈಸಾಲ ಮಾಡಿಯೋ, ಒಡವೆ ಅಡ ಇಟ್ಟೋ ಕೊರೆಸ್ತಾರೆ. ಒಡವೆ ಸಾಲ ಬ್ಯಾಂಕಿಗೆ ಇನ್ನೂ ಸೇಫು, ನೀರು ಬರಲಿ ಬಿಡಲಿ ಚಿನ್ನ ಒಳಗಿದೆ. ರಿಸ್ಕ್ ಎಲ್ಲೂ ಹೋಗಲಿಲ್ಲ, ಬ್ಯಾಂಕಿನಿಂದ ಮನೆಯಾಕೆ ಕೊರಳಿಗೆ ಬಂತು ಅಷ್ಟೆ..

2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು, ಹವಾಮಾನದಿಂದ ಬರುವ ಅಪಾಯವನ್ನು ಬ್ಯಾಂಕುಗಳು ಬಹಿರಂಗಪಡಿಸಬೇಕು ಅಂತ ಒಂದು ಕರಡು ತಂತು. ಗ್ರಾಮೀಣ ಬ್ಯಾಂಕುಗಳನ್ನು ಅದರಿಂದ ಹೊರಗಿಟ್ಟಿತ್ತು. ಬರದ ಬಿಸಿ ಮೊದಲು ತಟ್ಟೋದೇ ಅವಕ್ಕೆ!

ನನ್ನ ಪ್ರಕಾರ ಸಾಲ ನವೀಕರಿಸುವಾಗ ಬೋರಿನ ನೀರಿನ ಮಟ್ಟ ಬರೆದುಕೊಳ್ಳಲಿ. ಸಾಲ ಇಲ್ಲ ಅನ್ನೋಕಲ್ಲ. ನೀರು ಇಳಿದಿದ್ದರೆ ಕೃಷಿ ಹೊಂಡಕ್ಕೆ, ಡ್ರಿಪ್‌ಗೆ ಕಡಿಮೆ ಬಡ್ಡಿಯಲ್ಲಿ ಕೊಡಲಿ, ತೋಟ ಇನ್ನೂ ಹಸಿರಾಗಿರುವಾಗಲೇ. ಒಣಗಿದ ಮೇಲೆ ಕಂತು ಮುಂದೂಡೋದಕ್ಕಿಂತ ಬ್ಯಾಂಕಿಗೂ ಇದೇ ಅಗ್ಗ.

ನಿಮ್ಮೂರ ಬ್ಯಾಂಕಿನಲ್ಲಿ ಯಾರಾದರೂ ಬೋರಿನ ಆಳ ಕೇಳಿದ್ದುಂಟಾ?