ತೊಟ್ಟಿಮನೆಗೆ ಹೊಸ ಮುದಿತನ

ಚಂದಕವಾಡಿಯ ನಮ್ಮ ತೊಟ್ಟಿಮನೆಯನ್ನು ‘ಮೂಲ ರೂಪಕ್ಕೆ’ ತಂದುಕೊಡುವೆನೆಂದು ಕಳೆದ ತಿಂಗಳು ಮೈಸೂರಿನಿಂದ ಮಹನೀಯರೊಬ್ಬರು ಬಂದಿದ್ದರು. ಬಂಡೀಪುರದ ದಾರಿಯಲ್ಲಿ ಪ್ರವಾಸಿಗಳಿಗೆ ತಂಗುಮನೆ ನಡೆಸುವವರು. ಕರೆತಂದವನು ನನ್ನ ತಮ್ಮನ ಮಗ. ಅಪ್ಪ ಸೇರಿಸಿದ ತಾರಸಿಯ ಕೋಣೆ, ತೊಟ್ಟಿಯ ನಡುವೆ ಎದ್ದಿರುವ ಇಟ್ಟಿಗೆ ಗೋಡೆ, ಎಲ್ಲವನ್ನೂ ನೋಡಿ ಮುಖ ಸಿಂಡರಿಸಿ, “ಇವನ್ನೆಲ್ಲ ಕೆಡವಿಬಿಡಿ ಸ್ವಾಮಿ, ಒಳಗಿರುವ ನಿಜವಾದ ಮನೆ ಹೊರಗೆ ಬರುತ್ತದೆ” ಎಂದರು.

ನಿಜವಾದ ಮನೆ! ಹಾಗಾದರೆ ನಾವು ಇಷ್ಟು ದಿನ ಉಂಡು ಮಲಗಿದ್ದು ಯಾವ ಮನೆಯಲ್ಲಿ?

ಅವರು ಉಳಿಸಲೇಬೇಕೆಂದದ್ದು ಮಾಡಿನ ಮಂಗಳೂರು ಹೆಂಚನ್ನು. ಅದೇ ಪ್ರಾಚೀನತೆಯ ಲಕ್ಷಣವಂತೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಆ ಹೆಂಚು ಮಾಡಲು ತೊಡಗಿದ್ದು 1865ರಲ್ಲಿ. ನಮ್ಮ ಮಾಡಿನ ಮೇಲೆ ಮೊದಲಿದ್ದದ್ದು ನಾಡಹೆಂಚು. ಕೋತಿಗಳು ಅದನ್ನು ಸರಿಸಿ ಸರಿಸಿ, ಮಳೆಗಾಲವೆಲ್ಲ ಒಳಗೆ ಪಾತ್ರೆ ಇಡುವಂತಾದಾಗ ಅಜ್ಜ ಬೇಸತ್ತು ಹೊಸ ಹೆಂಚು ತರಿಸಿದರು. ಅಜ್ಜ ಬದಲಿಸಿದ್ದು ಪ್ರಾಚೀನ, ಅಪ್ಪ ಬದಲಿಸಿದ್ದು ವಿಕಾರ! ಈ ಗೆರೆ ಎಳೆದವರು ಯಾರು? ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ಮುಗಿದದ್ದು 1912ರಲ್ಲಿ. ದಸರೆಗೆ ಹೋದವರು ಯಾರಾದರೂ ಅದನ್ನು ಸುಳ್ಳು ಅರಮನೆ ಎಂದದ್ದುಂಟೆ?

ಬದಲಾವಣೆಯೆಲ್ಲ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಪಡುವಣ ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿದ ಮೂಢ ನಾನೇ. ತಳದಿಂದ ಏರಿದ ತೇವ ಸುಣ್ಣದ ಗಾರೆಯಾಗಿದ್ದರೆ ಹೊರಗೆ ಆರಿಹೋಗುತ್ತಿತ್ತು; ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಮಣ್ಣನ್ನೇ ಕೊಳೆಸಿತು. ಈಗ ಹಲಗೆ ಹಲಗೆಯಾಗಿ ಉದುರುತ್ತಿದೆ, ಜೊತೆಗೆ ಗೋಡೆಯೂ. ಇದನ್ನು ಕೀಳಬೇಕು, ಒಪ್ಪುತ್ತೇನೆ. ಹಳೆಯದಲ್ಲವೆಂದಲ್ಲ, ಗೋಡೆಯನ್ನು ಕೊಲ್ಲುತ್ತಿದೆ ಎಂದು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿಯಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸ. ಯಾದವಗಿರಿಯ ಆರ್. ಕೆ. ನಾರಾಯಣರ ಮನೆಯನ್ನು 2011ರಲ್ಲಿ ಒಡೆಯತೊಡಗಿದಾಗ ಜನ ದನಿಯೆತ್ತಿದರು. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಸಂತೋಷವೇ. ಆದರೆ ನಮ್ಮ ಮನೆಯಲ್ಲಿ ಒಲೆ ಇನ್ನೂ ಉರಿಯುತ್ತಿದೆಯಲ್ಲ!

ಇನ್ನು ತೊಟ್ಟಿಯ ಗೋಡೆ. ಅಪ್ಪ, ಚಿಕ್ಕಪ್ಪ ಪಾಲಾದಾಗ ಎದ್ದದ್ದು. ಒಂದೇ ಮಳೆ ಎರಡು ಭಾಗವಾಗಿ ಬೀಳತೊಡಗಿತು. ಅಣ್ಣತಮ್ಮಂದಿರು ಸಾಯುವವರೆಗೆ ಮಾತಾಡಲಿಲ್ಲ. ಆದರೆ ಆ ಗೋಡೆಯಲ್ಲಿ ಎರಡು ಇಟ್ಟಿಗೆ ಸಡಿಲವಾಗಿವೆ. ಅವ್ವನೂ ಚಿಕ್ಕವ್ವನೂ ಅವನ್ನು ತೆಗೆದು ಉಪ್ಪೆಸರಿನ ಬಟ್ಟಲು ದಾಟಿಸುತ್ತಿದ್ದರು. ಗಂಡಸರು ಹೊಲದಿಂದ ಬರುವಷ್ಟರಲ್ಲಿ ಇಟ್ಟಿಗೆ ಸ್ವಸ್ಥಾನಕ್ಕೆ! ಮೈಸೂರಿನ ಮಹನೀಯರು ವಿಕಾರವೆಂದದ್ದು ಇದನ್ನು. ಇದನ್ನು ಅಳಿಸಿ, ಕಂಬಕ್ಕೆ ಎಣ್ಣೆ ಸವರಿ, ಜಗುಲಿಯಲ್ಲಿ ಬೀಸುವ ಕಲ್ಲಿಟ್ಟು, ಎಂದೂ ಜಗಳವಾಡದ ಸಂಸಾರವೊಂದು ಇಲ್ಲಿತ್ತೆಂದು ಪ್ರವಾಸಿಗಳಿಗೆ ತೋರಿಸಬೇಕೆ? ಅಂಥ ಮನೆ ನಮ್ಮ ಊರಿನಲ್ಲಿ ಯಾವ ಕಾಲಕ್ಕೂ ಇರಲಿಲ್ಲ.

“ದೊಡ್ಡಪ್ಪ, ಅವರು ಒಳ್ಳೆ ದುಡ್ಡು ಕೊಡ್ತಾರೆ” ಎನ್ನುತ್ತಾನೆ ಹುಡುಗ. ಕೊಡಲಿ. ಮುಂಗಾರಿಗೆ ಮೊದಲು ಪಡುವಣ ಗೋಡೆಗೆ ಸುಣ್ಣದ ಗಾರೆಯಾಗಬೇಕು. ಅದಕ್ಕೆ ನಮ್ಮ ದುಡ್ಡೇ ಸಾಕು. ತೊಟ್ಟಿಯ ಗೋಡೆ ನಿಲ್ಲುತ್ತದೆ. ಆ ಎರಡು ಇಟ್ಟಿಗೆಯ ಜಾಗದಲ್ಲಿ ಬಾಗಿಲಿಡಬಹುದು, ಚಿಕ್ಕಪ್ಪನ ಮಕ್ಕಳು ಒಪ್ಪಿದರೆ. ಕೇಳಲು ಭಾನುವಾರ ಹೋಗುತ್ತಿದ್ದೇನೆ.