ಗುರುತಿಲ್ಲದ ಫೈಲ್ ಕಂಡರೆ ಏನು ಮಾಡಬೇಕು?

2002ರಲ್ಲಿ ದೇಶದೇಶಗಳ ಜನರಿಗೆ ಇಮೇಲ್‌ನಲ್ಲಿ ಒಂದು ಎಚ್ಚರಿಕೆ ಹರಿದಾಡಿತು. ‘ನಿಮ್ಮ ವಿಂಡೋಸ್‌ನಲ್ಲಿ ಜೆಡಿಬಿಜಿಎಂಜಿಆರ್.ಇಎಕ್ಸ್‌ಇ ಎಂಬ ಫೈಲ್ ಇದೆಯೇ ಹುಡುಕಿ. ಕರಡಿಮರಿಯ ಐಕಾನ್ ಇರುತ್ತದೆ. ಅದು ವೈರಸ್, ಕೂಡಲೇ ಡಿಲೀಟ್ ಮಾಡಿ.’ ಹುಡುಕಿದ ಬಹುಪಾಲು ಜನರಿಗೆ ಫೈಲ್ ಸಿಕ್ಕಿಯೂ ಬಿಟ್ಟಿತು. ಸಿಗದೇ ಏನು? ಅದು ಜಾವಾ ಪ್ರೋಗ್ರಾಂಗಳ ತಪ್ಪು ಹುಡುಕಲೆಂದು ಮೈಕ್ರೋಸಾಫ್ಟ್ ತಾನೇ ಕೊಟ್ಟಿದ್ದ ಫೈಲ್. ಗಾಬರಿಬಿದ್ದವರು ಅದನ್ನು ಅಳಿಸಿದ್ದಲ್ಲದೆ, ಪರಿಚಯದವರಿಗೂ ಅಳಿಸಲು ಹೇಳಿದರು.

ಹೆಸರು, ಐಕಾನ್ ಎರಡನ್ನೂ ಯಾರು ಬೇಕಾದರೂ ಇಡಬಹುದು. ಹಾಗಾಗಿ ಮೊದಲು ನೋಡಬೇಕಾದ್ದು ಫೈಲ್ ಎಲ್ಲಿದೆ ಎಂಬುದನ್ನು. ಟಾಸ್ಕ್ ಮ್ಯಾನೇಜರ್ ತೆರೆದರೆ ಎಸ್‌ವಿಸಿಹೋಸ್ಟ್.ಇಎಕ್ಸ್‌ಇ ಹತ್ತಾರು ಸಲ ಓಡುತ್ತಿರುವುದು ಕಾಣುತ್ತದೆ. ಹೆದರಬೇಡಿ, ವಿಂಡೋಸ್‌ನ ಸೇವೆಗಳು ನಡೆಯುವುದೇ ಹಾಗೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಸಾಮಾನ್ಯವಾಗಿ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಂ32 ತೆರೆದುಕೊಳ್ಳಬೇಕು. ಅದೇ ಹೆಸರಿನ ಫೈಲ್ ಟೆಂಪ್ ಅಥವಾ ಡೌನ್‌ಲೋಡ್ಸ್‌ನಿಂದ ಓಡುತ್ತಿದ್ದರೆ, ಇಲ್ಲವೇ ಅಕ್ಷರ ಅದಲುಬದಲಾಗಿ ಎಸ್‌ಸಿವಿಹೋಸ್ಟ್ ಎಂದಿದ್ದರೆ, ಅನುಮಾನ ಪಡಲೇಬೇಕು.

ಆಮೇಲೆ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಟ್ಯಾಬ್ ನೋಡಿ. ಈ ಸಹಿ ಅರಗಿನ ಮುದ್ರೆಯಂತೆ: ಕಳಿಸಿದವರು ಯಾರು, ದಾರಿಯಲ್ಲಿ ಯಾರಾದರೂ ತಿದ್ದಿದರೇ ಎಂಬುದನ್ನಷ್ಟೇ ಹೇಳುತ್ತದೆ. ಸಣ್ಣ ತಂಡಗಳ ಎಷ್ಟೋ ಒಳ್ಳೆಯ ತಂತ್ರಾಂಶಗಳಿಗೆ ಸಹಿಯೇ ಇರುವುದಿಲ್ಲ. ಇನ್ನೊಂದೆಡೆ, 2017ರಲ್ಲಿ ಸಿಕ್ಲೀನರ್ ಎಂಬ ತಂತ್ರಾಂಶದ 5.33 ಆವೃತ್ತಿಗೆ ಕಳ್ಳರು ತಯಾರಿಕೆಯ ಹಂತದಲ್ಲೇ ದುಷ್ಟ ಕೋಡ್ ತೂರಿಸಿದ್ದರು. ಕಂಪನಿಯ ಅಸಲಿ ಸಹಿಯೊಂದಿಗೇ, ಅಧಿಕೃತ ತಾಣದಿಂದಲೇ, ಅದು 22 ಲಕ್ಷಕ್ಕೂ ಹೆಚ್ಚು ಮಂದಿಯನ್ನು ತಲುಪಿತು.

ಹೀಗಾಗಿ ಮೂರನೆಯ ಸಾಕ್ಷಿಯೂ ಬೇಕು. ವೈರಸ್‌ಟೋಟಲ್ ಎಂಬ ಉಚಿತ ತಾಣಕ್ಕೆ ಫೈಲ್ ಕೊಟ್ಟರೆ ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಒಂದೆರಡು ಮಾತ್ರ ಕೆಂಪು ತೋರಿಸಿದರೆ ಅದು ತಪ್ಪು ಎಚ್ಚರಿಕೆಯೂ ಆಗಿರಬಹುದು. ಹೆಸರಾಂತ ಹಲವು ಒಂದೇ ಮಾತು ಹೇಳಿದರೆ ಆ ಫೈಲನ್ನು ತೆರೆಯಲೇಬೇಡಿ. ತೀರಾ ಹೊಸ ವೈರಸ್ ಎಲ್ಲರ ಕಣ್ಣನ್ನೂ ತಪ್ಪಿಸಬಹುದು ಎಂಬುದೂ ನೆನಪಿರಲಿ. ಅಲ್ಲಿಗೆ ಹಾಕಿದ ಫೈಲ್ ಭದ್ರತಾ ಸಂಸ್ಥೆಗಳ ಕೈಗೂ ಹೋಗುತ್ತದೆ. ಕಚೇರಿಯ, ಖಾಸಗಿ ಫೈಲುಗಳನ್ನು ಹಾಕಬೇಡಿ.

ಇಷ್ಟಾದರೂ ಸಂಶಯ ಉಳಿದರೆ ನೇರವಾಗಿ ಡಿಲೀಟ್ ಮಾಡದೆ, ಆಂಟಿವೈರಸ್‌ನ ಕ್ವಾರಂಟೈನ್‌ಗೆ ಹಾಕಿ. ಅಲ್ಲಿಂದ ಅದು ಓಡಲಾರದು. ನಿರಪರಾಧಿ ಎಂದು ಗೊತ್ತಾದ ದಿನ ವಾಪಸ್ ತೆಗೆದುಕೊಳ್ಳಬಹುದು.