ಮಂದ್ರದ ತಂತಿಗೆ ತಕ್ಕ ಮೀಟು

ರೇಷ್ಮೆ ಸೀರೆಗೆಂದು ಹತ್ತು ಅಂಗಡಿಗಳ ಮೆಟ್ಟಿಲು ಹತ್ತುವ ಗೃಹಿಣಿ, ರವಿಕೆಯ ಗುಂಡಿಯನ್ನು ಮಾತ್ರ ದರ್ಜಿಯ ಇಷ್ಟಕ್ಕೆ ಬಿಟ್ಟುಬಿಡುವುದುಂಟು. ಸಂಗೀತ ವಾದ್ಯಗಳ ವಿಷಯದಲ್ಲಿಯೂ ಇದೇ ಕಥೆ. ಸಾವಿರಾರು ರೂಪಾಯಿ ತೆತ್ತು ಬೇಸ್ ಗಿಟಾರ್ ಕೊಳ್ಳುವವರು, ಅದರ ತಂತಿಯನ್ನು ಮೀಟುವ ಬೆರಳುಗುರಿನಷ್ಟು ಅಗಲದ ಬಿಲ್ಲೆಯನ್ನು ಅಂಗಡಿಯವನು ಕೊಟ್ಟಂತೆ ಜೇಬಿಗಿಳಿಸಿ ಮನೆಗೆ ಬರುತ್ತಾರೆ. ವಾದಕರು ಈ ಬಿಲ್ಲೆಯನ್ನು ಪಿಕ್ ಎನ್ನುತ್ತಾರೆ. ವಾದ್ಯದ ಕಂಠ ಹೇಗಿರಬೇಕೆಂಬುದನ್ನು ಅರ್ಧಕ್ಕರ್ಧ ತೀರ್ಮಾನಿಸುವುದು ಇದೇ.

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಊರುಗಳಿಂದ ಬಂದು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದ ಸಂಸಾರಗಳು ಅನೇಕ. ಅಲ್ಲಿಯ ಹಿರಿಯರಿಗೆ ತಂತಿವಾದ್ಯವೆಂದರೆ ಮೊದಲು ನೆನಪಾಗುವುದು ತಂಬೂರಿ. ಮಂಡ್ಯ, ಮೈಸೂರು ಸೀಮೆಯ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡುವಾಗ, ತಂಬೂರಿಯ ಶ್ರುತಿಯನ್ನು ಎಬ್ಬಿಸುವುದು ಬರಿಯ ಬೆರಳು. ಅಂತಹ ಅಜ್ಜ, ಕಾಲೇಜಿಗೆ ಹೋಗುವ ಮೊಮ್ಮಗನನ್ನು, "ತಂಬೂರಿಗೆ ಬೆರಳೇ ಸಾಕಲ್ಲಪ್ಪ, ನಿನ್ನ ವಾದ್ಯಕ್ಕೆ ಯಾಕೆ ಮಗಾ ಈ ಬಿಲ್ಲೆ?" ಎಂದು ಕೇಳಿದರೆ ನಗುವಂತಿಲ್ಲ. ಪ್ರಶ್ನೆಯೊಳಗೆ ತಿರುಳಿದೆ.

ಬೇಸ್ ಗಿಟಾರಿನ ಲೋಕದಲ್ಲಿಯೂ ಇದೇ ಪ್ರಶ್ನೆ ದಶಕಗಳಿಂದ ಚರ್ಚೆಯಲ್ಲಿದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ ಮೇಲೆ ಈ ವಾದ್ಯ ಬೇಗನೆ ಹರಡಿತು. ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಿಂದಲೇ ತಂತಿಯನ್ನು ಮೀಟಿ ಹೆಸರಾದರು. ಅದೇ ಕಾಲದಲ್ಲಿ ಲಾಸ್ ಏಂಜಲಿಸ್‌ನ ಕ್ಯಾರೊಲ್ ಕೇ ಎಂಬ ಮಹಿಳೆ ಪಿಕ್ ಹಿಡಿದು ಅಷ್ಟೇ ಹೆಸರು ಗಳಿಸಿದರು. ಇಬ್ಬರೂ ಶ್ರೇಷ್ಠರೇ. ಆದುದರಿಂದ ಬೆರಳು ಶುದ್ಧ, ಪಿಕ್ ಅಡ್ಡದಾರಿ ಎಂಬ ವಾದಕ್ಕೆ ಆಧಾರವಿಲ್ಲ. ನಮ್ಮ ವೀಣೆಯನ್ನೇ ನೋಡಬಹುದು. ಕೆಲವರು ಸ್ವಂತ ಉಗುರಿನಿಂದ ನುಡಿಸುತ್ತಾರೆ. ಕೆಲವರು ಬೆರಳಿಗೆ ತಂತಿಯ ಉಗುರು ತೊಡುತ್ತಾರೆ. ಅದರಿಂದ ರಾಗಕ್ಕೆ ಕುಂದು ಬಂದಿಲ್ಲ.

ನಾದದಲ್ಲಿ ಮಾತ್ರ ಭೇದವುಂಟು. ಬೆರಳ ತುದಿ ಮೃದುವಾದುದು, ಅಗಲವಾದುದು. ಅದು ತಂತಿಯ ಸೂಕ್ಷ್ಮವಾದ ಮೇಲುಸ್ವರಗಳನ್ನು ಎದ್ದೇಳಗೊಡದೆ ಅದುಮುತ್ತದೆ. ಆಗ ನಾದ ದುಂಡಗೆ, ತುಸು ಮಬ್ಬಾಗಿ ಹೊರಡುತ್ತದೆ. ಪಿಕ್‌ನ ತುದಿ ಗಡಸು, ಕಿರಿದು. ಅದು ತಂತಿಯಿಂದ ತಟ್ಟನೆ ಜಾರಿಕೊಳ್ಳುವುದರಿಂದ ಮೇಲುಸ್ವರಗಳೂ ಕೇಳಿಸಿ, ಪ್ರತಿಯೊಂದು ಮೀಟಿನ ಆರಂಭವೂ ಸ್ಪಷ್ಟವಾಗುತ್ತದೆ. ಡ್ರಮ್ಮು, ಗಿಟಾರುಗಳ ಅಬ್ಬರದ ನಡುವೆ ಬೇಸ್ ಕೇಳಿಸಬೇಕಾದರೆ ಪಿಕ್ ನೆರವಿಗೆ ಬರುತ್ತದೆ. ಭಾವಗೀತೆಗೆ ಹಿನ್ನೆಲೆಯಾಗಿ ನಿಲ್ಲಬೇಕಾದರೆ ಬೆರಳೇ ಸೊಗಸು.

ಪಿಕ್ ಬೇಕೆಂದು ನಿಶ್ಚಯಿಸಿದ ಮೇಲೆ ಮೊದಲು ಗಮನಿಸಬೇಕಾದುದು ದಪ್ಪ. ಸಾಧಾರಣ ಬೇಸ್‌ನ ಅತಿ ಕೆಳಗಿನ ಸ್ವರದ ತಂತಿ ಸುಮಾರು 2.7 ಮಿಲಿಮೀಟರ್ ದಪ್ಪವಿದ್ದು, ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಗಿಟಾರ್ ಕಲಿಯುವವರು ಹಾಡಿನ ಜೊತೆಗೆ ಬಳಸುವ 0.5 ಅಥವಾ 0.6 ಮಿಲಿಮೀಟರ್‌ನ ತೆಳು ಪಿಕ್ ಈ ತಂತಿಯ ಮುಂದೆ ಬಾಗಿ ಬಳುಕುತ್ತದೆ. ನಾದಕ್ಕಿಂತ ಪಟಪಟ ಸದ್ದೇ ಹೆಚ್ಚು. ಸದ್ದು ಸಾಲದೆಂದು ಕಲಿಯುವವನು ಇನ್ನಷ್ಟು ಬಲ ಹಾಕುತ್ತಾನೆ, ಮಣಿಕಟ್ಟು ನೋಯುತ್ತದೆ. ತಿಂಗಳೆರಡು ಕಳೆಯುವುದರೊಳಗೆ ವಾದ್ಯ ಬೀರುವಿನ ಮೇಲೇರುತ್ತದೆ. ಮನೆಯವರು "ಹುಡುಗನಿಗೆ ಶ್ರದ್ಧೆಯಿಲ್ಲ" ಎಂದು ತೀರ್ಪು ಕೊಡುತ್ತಾರೆ. ಶ್ರದ್ಧೆಯನ್ನು ಶಂಕಿಸುವ ಮುನ್ನ ಅವನ ಕೈಯಲ್ಲಿರುವ ಬಿಲ್ಲೆಯನ್ನೊಮ್ಮೆ ಬಾಗಿಸಿ ನೋಡುವುದು ನ್ಯಾಯ. ಬೇಸ್‌ಗೆ 0.8ರಿಂದ 1.2 ಮಿಲಿಮೀಟರ್‌ವರೆಗಿನದು ಆರಂಭಕ್ಕೆ ಹೊಂದುತ್ತದೆ. ಇನ್ನೂ ದಪ್ಪನಾದುದು ತುಂಬು ನಾದ ಕೊಡುವುದಾದರೂ, ಬಾಗದ ಕಾರಣ ಕೈಯ ಹದವನ್ನು ಹೆಚ್ಚಾಗಿ ಬೇಡುತ್ತದೆ.

ಎರಡನೆಯದು ಆಕಾರ. ಕಣ್ಣೀರ ಹನಿಯಂತೆ ಒಂದೇ ಮೊನೆಯುಳ್ಳದ್ದು ಎಲ್ಲ ಕಡೆ ದೊರೆಯುತ್ತದೆ. ಬೇಸ್ ವಾದಕರಲ್ಲಿ ಅನೇಕರು ಅಗಲವಾದ ತ್ರಿಕೋನವನ್ನು ಮೆಚ್ಚುತ್ತಾರೆ. ಹಿಡಿತಕ್ಕೆ ಹೆಚ್ಚು ಸ್ಥಳವಿರುವುದರಿಂದ ಬೆವರಿದ ಕೈಯಿಂದಲೂ ಬೇಗ ಜಾರದು. ಒಂದು ಮೊನೆ ಸವೆದರೆ ಇನ್ನೆರಡು ಉಳಿದಿರುತ್ತವೆ. ಹೊರಗೆ ಉರುಟು ಸುರುಳಿ ಸುತ್ತಿದ ತಂತಿಗಳು ಅರದಂತೆ ಮೊನೆಯನ್ನು ತಿನ್ನುವುದರಿಂದ ಇದು ಸಣ್ಣ ಲಾಭವಲ್ಲ.

ಮೂರನೆಯದು ವಸ್ತು. ಹಿಂದೆ ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನಿಂದ ಮಾಡಿದ ಪಿಕ್‌ಗಳಿಗೆ ಬಹಳ ಬೆಲೆಯಿತ್ತು. ಆ ಶೋಕಿಗೆ ಆಮೆಯ ಕುಲವೇ ಬೆಲೆ ತೆರಬೇಕಾಯಿತು. ಇಂದು ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಜೀವಿಗೆ ರಕ್ಷಣೆ ನೀಡಿದೆ. ಅಂತಹ ಹಳೆಯ ಪಿಕ್ ಯಾರಾದರೂ ಮಾರಲು ಬಂದರೆ ಕೊಳ್ಳತಕ್ಕದ್ದಲ್ಲ. ಚಿಪ್ಪಿನ ಸ್ಥಾನವನ್ನು ಸೆಲ್ಯುಲಾಯ್ಡ್ ತುಂಬಿತು. ಅದರ ನಾದ ಉಜ್ವಲ. ಆದರೆ ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತುವಾದುದರಿಂದ ದೀಪದ ಬಳಿ ಇಡಬಾರದು. ನೈಲಾನ್ ಮೆದು, ಅದರ ದನಿಯೂ ಮೆದು. ಬೇಸ್‌ನ ಬಿರುಸಿಗೆ ತಾಳುವುದರಲ್ಲಿ ಡೆಲ್ರಿನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ ಮೇಲು. ಬಟ್ಟೆಯಂತಿರುವ ಫೆಲ್ಟ್ ಪಿಕ್ ಕೂಡ ಉಂಟು. ಅದರ ನಾದ ಬೆರಳಿನ ನಾದಕ್ಕೆ ಬಹು ಸಮೀಪ. ಟಿಕ್ ಟಿಕ್ ಸದ್ದನ್ನು ಸಹಿಸದ ಮನೆಗಳಿಗೆ ಇದೊಂದು ಉಪಾಯ.

ಇಷ್ಟೆಲ್ಲ ತಿಳಿದ ಮೇಲೂ ಕೊನೆಯ ಮಾತು ಕೈಯದು, ಕಿವಿಯದು. ಮಂಡ್ಯದ ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ಗಡಿಯಾರ ನೋಡಿ ಹೇಳುವವರಿಲ್ಲ. ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ಹೇಳುತ್ತಾರೆ. ಪಿಕ್‌ನ ಪರೀಕ್ಷೆಯೂ ಹಾಗೆಯೇ. ಬೇರೆ ಬೇರೆ ದಪ್ಪದ ಮೂರನ್ನು ತರಬೇಕು. ಹೆಬ್ಬೆರಳಿಗೂ ತೋರುಬೆರಳ ಮಗ್ಗುಲಿಗೂ ನಡುವೆ, ಮೊನೆ ಮಾತ್ರ ಹೊರಗಿರುವಂತೆ ಸಡಿಲವಾಗಿ ಹಿಡಿದು, ಒಂದೇ ಸ್ವರಮಾಲೆಯನ್ನು ಮೂರರಿಂದಲೂ ನುಡಿಸಬೇಕು. ತಂತಿಯ ಬುಡದಲ್ಲಿ, ಅಂದರೆ ಕುದುರೆಯ ಬಳಿ, ಮೀಟಿದರೆ ನಾದ ಹರಿತ. ಕುತ್ತಿಗೆಯ ಕಡೆಗೆ ಸರಿದಂತೆ ಮೃದು. ಆದುದರಿಂದ ಮೂರಕ್ಕೂ ಮೀಟುವ ಸ್ಥಳ ಒಂದೇ ಇರಬೇಕು. ಇಲ್ಲವಾದರೆ ಹೋಲಿಕೆ ಸುಳ್ಳಾಗುತ್ತದೆ. ನುಡಿಸುವವನು ಕಾಣದಂತೆ ಮನೆಯ ಹಿರಿಯರೊಬ್ಬರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಅಭಿಪ್ರಾಯ ಕೇಳುವುದು ಇನ್ನೂ ಉತ್ತಮ. ರಾತ್ರಿಯೆಲ್ಲ ತಂಬೂರಿಯ ಶ್ರುತಿ ಕೇಳಿ ಬೆಳೆದ ಕಿವಿಗೆ ಪಿಕ್‌ನ ಬ್ರಾಂಡು ತಿಳಿಯದಿರಬಹುದು. ಮಂದ್ರ ತುಂಬಿ ಬಂತೇ, ಒಡೆದು ಬಂತೇ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಒಪ್ಪಿಗೆಯಾದ ಪಿಕ್ ದೊರೆತ ಮೇಲೆ ಅಂಥದೇ ನಾಲ್ಕನ್ನು ಕೊಂಡಿಡುವುದು ಜಾಣತನ. ಕೆಲವು ಹತ್ತು ರೂಪಾಯಿಗಳ ಮಾತು. ಬೇಕಾದ ಹೊತ್ತಿಗೆ ಕಣ್ಮರೆಯಾಗುವುದರಲ್ಲಿ ಹೊಲಿಗೆಯ ಸೂಜಿಯನ್ನು ಮೀರಿಸುವ ವಸ್ತು ಸಂಸಾರದಲ್ಲಿ ಇದೊಂದೇ.